ಮಾಡದ ಸಾಲದ ಹೊಣೆ

ಸಾಲವನ್ನು ತೀರಿಸುವುದು ಧರ್ಮವೆಂಬುದರಲ್ಲಿ ಯಾವ ಗೃಹಸ್ಥನಿಗೂ ಸಂಶಯವಿಲ್ಲ. ತಂದೆ ಮಾಡಿದ ಸಾಲವನ್ನು ಮಗನು ತೀರಿಸುತ್ತಾನೆ. ಗಂಡನು ಲಿಂಗೈಕ್ಯನಾದ ಮೇಲೆ ಹೆಂಡತಿಯು ಮೈಮೇಲಿನ ಬಂಗಾರವನ್ನು ಮಾರಿಯಾದರೂ ಅಂಗಡಿಯ ಬಾಕಿಯನ್ನು ಚುಕ್ತಾ ಮಾಡುತ್ತಾಳೆ. ಸ್ನೇಹಿತನಿಗೆ ಜಾಮೀನು ನಿಂತು, ಅವನು ಊರು ಬಿಟ್ಟು ಹೋದ ಮೇಲೆ, ತನ್ನ ಹೊಲವನ್ನು ಒತ್ತೆಯಿಟ್ಟು ಕೊಟ್ಟ ಮಾತನ್ನು ಉಳಿಸಿಕೊಂಡವರು ಊರೂರಿನಲ್ಲಿ ಇರುತ್ತಾರೆ. ಅಂಥವರನ್ನು ಜನರು ಹಿಂದಿನಿಂದ ಆಡಿಕೊಂಡರೂ ಅಂತರಂಗದಲ್ಲಿ ಗೌರವಿಸುತ್ತಾರೆ. ಜಾಮೀನುದಾರನು ಆ ಹಣವನ್ನು ಕೈಯಿಂದ ಮುಟ್ಟಿರಲಿಲ್ಲ, ನಿಜ. ಆದರೆ ತಿಳಿದು, ಒಪ್ಪಿ, ಸಹಿ ಹಾಕಿದ್ದನು. ಅವನ ಹೊಣೆಗೆ ಅವನ ಮಾತೇ ಆಧಾರ.

ಇನ್ನು ಒಬ್ಬನು ತಾನು ಮಾಡದ, ಒಪ್ಪದ, ಕಿವಿಯಿಂದ ಕೇಳಿಯೂ ಇರದ ಸಾಲವನ್ನು ತೀರಿಸೆಂದು ಅವನ ಬಾಗಿಲಿಗೆ ಬಂದು ನಿಂತರೆ ಏನು ಮಾಡಬೇಕು? ಒಬ್ಬನನ್ನಲ್ಲ, ಒಂದು ದೇಶದ ಜನರೆಲ್ಲರನ್ನೂ, ತೊಟ್ಟಿಲಲ್ಲಿ ಮಲಗಿದ ಕೂಸನ್ನೂ ಬಿಡದೆ, ಆ ಸಾಲಕ್ಕೆ ಹೊಣೆ ಮಾಡಿದರೆ ಧರ್ಮವು ಯಾರ ಪಕ್ಷದಲ್ಲಿರುತ್ತದೆ? ಇದು ತರ್ಕಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. 2008ನೆಯ ವರ್ಷದ ಜಾಗತಿಕ ಹಣಕಾಸಿನ ಕುಸಿತದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲೆಂಡ್ ಎಂಬ ಚಿಕ್ಕ ದ್ವೀಪದ ಜನರಿಗೆ ಈ ಪ್ರಶ್ನೆ ಅಕ್ಷರಶಃ ಎದುರಾಯಿತು. ಅವರು ಅದಕ್ಕೆ ಕೊಟ್ಟ ಉತ್ತರವೂ, ಆ ಉತ್ತರದಲ್ಲಿ ಉಳಿದುಹೋದ ಕೊರತೆಯೂ ವಿಚಾರಾರ್ಹವಾಗಿವೆ.

ಮೊದಲು ಆ ಕುಸಿತದ ಮೂಲವನ್ನು ಅರಿಯಬೇಕು. ಅಮೆರಿಕ ದೇಶದಲ್ಲಿ ಮನೆ ಕೊಳ್ಳುವವರಿಗೆ ಸಾಲ ಕೊಡುವ ಸಂಸ್ಥೆಗಳು ಹಲವು ವರ್ಷಗಳ ಕಾಲ, ಸಾಲಗಾರನಿಗೆ ತೀರಿಸುವ ಶಕ್ತಿಯಿದೆಯೋ ಇಲ್ಲವೋ ಎಂಬುದನ್ನು ಸರಿಯಾಗಿ ನೋಡದೆ ಸಾಲ ಹಂಚಿದವು. ಹಿಂದಿನ ಕಾಲದಲ್ಲಿ ಸಾಲ ಕೊಟ್ಟವನೇ ಅದು ತೀರುವವರೆಗೆ ಕಾಯಬೇಕಾಗಿತ್ತು. ಈಗ ಹಾಗಿರಲಿಲ್ಲ. ಕೊಟ್ಟವನು ಸಾಲಪತ್ರವನ್ನು ಮತ್ತೊಬ್ಬನಿಗೆ ಮಾರುತ್ತಿದ್ದನು. ಅವನು ಸಾವಿರಾರು ಪತ್ರಗಳನ್ನು ಒಂದು ಗಂಟು ಕಟ್ಟಿ, ಆ ಗಂಟಿನ ಪಾಲುಗಳನ್ನು ಬಾಂಡುಗಳೆಂದು ಲೋಕಕ್ಕೆಲ್ಲ ಮಾರುತ್ತಿದ್ದನು. ಯೂರೋಪಿನ ಬ್ಯಾಂಕುಗಳೂ ಅವನ್ನು ಕೊಂಡವು. ಕೊನೆಗೆ ಹಣ ಹಾಕಿದವನಿಗೆ ಸಾಲ ತೆಗೆದುಕೊಂಡವನ ಮುಖವಿರಲಿ, ಊರ ಹೆಸರೂ ಗೊತ್ತಿರಲಿಲ್ಲ. ಸಾಲ ಮುಳುಗಿದರೆ ನಷ್ಟ ತನ್ನದಲ್ಲವೆಂದು ತಿಳಿದವನು ಕೊಡುವಾಗ ಏಕೆ ವಿಚಾರಿಸುವನು? 2006ರ ನಂತರ ಮನೆಗಳ ಬೆಲೆ ಇಳಿಯತೊಡಗಿ ಸಾಲಗಳು ಮುಳುಗಲಾರಂಭಿಸಿದವು. ಯಾವ ಗಂಟಿನಲ್ಲಿ ಎಷ್ಟು ಕೊಳೆತಿದೆಯೆಂದು ಯಾರಿಗೂ ತಿಳಿಯದಾಯಿತು. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ಬೃಹತ್ ಹಣಕಾಸು ಸಂಸ್ಥೆ ದಿವಾಳಿಯೆದ್ದಿತು. ಅಲ್ಲಿಂದ ಮುಂದೆ ಬ್ಯಾಂಕು ಬ್ಯಾಂಕನ್ನು ನಂಬದಾಯಿತು. ನಂಬಿಕೆ ಹೋದ ಕಡೆ ಹಣವು ಹರಿಯುವುದಿಲ್ಲ. ಹಣ ಹರಿಯದ ಕಡೆ ಕೆಲಸವು ನಡೆಯುವುದಿಲ್ಲ. ಎಲ್ಲಿಯೋ ಮುಳುಗಿದ ಸಾಲದ ದೆಸೆಯಿಂದ ಎಲ್ಲಿಯೋ ಇದ್ದ ಕಾರ್ಖಾನೆಯ ಬಾಗಿಲು ಮುಚ್ಚಿತು.

ಐಸ್‌ಲೆಂಡ್ ಮೀನುಗಾರರ ದೇಶ. ಆಗ ಅದರ ಜನಸಂಖ್ಯೆ ಸುಮಾರು 3 ಲಕ್ಷ 20 ಸಾವಿರ. ಕನ್ನಡ ನಾಡಿನ ಒಂದೆರಡು ತಾಲ್ಲೂಕುಗಳ ಜನರಷ್ಟು. ಅಲ್ಲಿ ಸರ್ಕಾರದ ಒಡೆತನದಲ್ಲಿದ್ದ ದೊಡ್ಡ ಬ್ಯಾಂಕುಗಳನ್ನು 2003ರ ವೇಳೆಗೆ ಖಾಸಗಿಯವರಿಗೆ ಮಾರಲಾಯಿತು. ಕೊಂಡವರು ಹೊರದೇಶಗಳ ಪೇಟೆಗಳಲ್ಲಿ ಅಲ್ಪಾವಧಿಯ ಸಾಲಗಳನ್ನು ಎತ್ತಿ, ಆ ಹಣದಿಂದ ಪರದೇಶದ ಅಂಗಡಿ, ಕಂಪನಿಗಳನ್ನು ಕೊಳ್ಳಲು ಸಾಲ ಕೊಟ್ಟರು. ತಮ್ಮ ಬ್ಯಾಂಕಿನ ಒಡೆಯರಿಗೇ ಧಾರಾಳವಾಗಿ ಕೊಟ್ಟರು. ತಮ್ಮದೇ ಷೇರುಗಳನ್ನು ಕೊಳ್ಳುವವರಿಗೂ ಕೊಟ್ಟು, ಆ ಷೇರುಗಳ ಬೆಲೆ ಏರಿತೆಂದು ಹಿಗ್ಗಿದರು. ಐದಾರು ವರ್ಷಗಳಲ್ಲಿ ಗ್ಲಿಟ್ನಿರ್, ಲ್ಯಾಂಡ್ಸ್‌ಬ್ಯಾಂಕಿ, ಕೌಪ್‌ಥಿಂಗ್ ಎಂಬ ಮೂರು ಬ್ಯಾಂಕುಗಳ ಆಸ್ತಿ ಲೆಕ್ಕದಲ್ಲಿ ಇಡೀ ದೇಶದ ವಾರ್ಷಿಕ ಉತ್ಪತ್ತಿಯ ಒಂಬತ್ತು ಹತ್ತು ಪಟ್ಟಾಯಿತು. ಮನೆಗಿಂತ ಹತ್ತು ಪಟ್ಟು ಭಾರವಾದ ಅಟ್ಟವನ್ನು ಆ ಮನೆಯ ಗೋಡೆಗಳು ಎಷ್ಟು ಕಾಲ ಹೊತ್ತಾವು?

ಹೊರಗಿನ ಸಾಲ ಹುಟ್ಟುವುದು ಕಷ್ಟವಾಗತೊಡಗಿದಾಗ ಲ್ಯಾಂಡ್ಸ್‌ಬ್ಯಾಂಕಿಯು ಮತ್ತೊಂದು ದಾರಿ ಹಿಡಿಯಿತು. 2006ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿಯೂ, 2008ರ ಮೇ ತಿಂಗಳಿನಲ್ಲಿ ನೆದರ್‌ಲೆಂಡ್ಸಿನಲ್ಲಿಯೂ ಐಸ್‌ಸೇವ್ ಎಂಬ ಹೆಸರಿನಿಂದ, ಇಂಟರ್‌ನೆಟ್ಟಿನ ಮೂಲಕ, ಇತರ ಬ್ಯಾಂಕುಗಳಿಗಿಂತ ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸತೊಡಗಿತು. ಮೂರು ಲಕ್ಷಕ್ಕೂ ಮಿಕ್ಕಿ ಜನ ಹಣವಿಟ್ಟರು. ಹೀಗೆ ಠೇವಣಿದಾರರ ಸಂಖ್ಯೆ ಹೆಚ್ಚುಕಡಿಮೆ ಐಸ್‌ಲೆಂಡಿನ ಜನಸಂಖ್ಯೆಗೆ ಸಮನಾಯಿತು. ಬ್ರಿಟನ್ನಿನ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು ತೆರಿಗೆದಾರರ ಹಣವನ್ನು ಐಸ್‌ಲೆಂಡಿನ ಬ್ಯಾಂಕುಗಳಲ್ಲಿ ಇಟ್ಟಿದ್ದವು. ಈ ಐಸ್‌ಸೇವ್ ಪ್ರತ್ಯೇಕ ಸಂಸ್ಥೆಯಾಗಿರದೆ ಲ್ಯಾಂಡ್ಸ್‌ಬ್ಯಾಂಕಿಯ ಶಾಖೆಯಾಗಿದ್ದುದರಿಂದ, ಆ ಠೇವಣಿಗಳ ಭದ್ರತೆಗೆ ಐಸ್‌ಲೆಂಡಿನ ಠೇವಣಿ ಖಾತರಿ ನಿಧಿಯೇ ಮೊದಲ ಆಧಾರವಾಗಿದ್ದಿತು. ರೇವಿನಲ್ಲಿ ಬಲೆ ಹೊಲಿಯುತ್ತಿದ್ದ ಬೆಸ್ತನಿಗಾಗಲಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿಗಾಗಲಿ ಈ ಒಂದು ಕಾನೂನಿನ ಅಂಶದಿಂದ ತಮ್ಮ ತಲೆಯ ಮೇಲೆ ಏನು ಬೀಳಲಿದೆಯೆಂಬುದು ಹೇಗೆ ತಿಳಿಯಬೇಕು?

2008ರ ಅಕ್ಟೋಬರ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ಮೂರೂ ಬ್ಯಾಂಕುಗಳು ಬಿದ್ದವು. 6ನೆಯ ತಾರೀಖು ಪಾರ್ಲಿಮೆಂಟು ತುರ್ತು ಶಾಸನವನ್ನು ಮಾಡಿತು. ಅದರ ಮೇರೆಗೆ ಬ್ಯಾಂಕಿನ ಆಸ್ತಿಯ ಮೇಲೆ ಠೇವಣಿದಾರರಿಗೆ ಮೊದಲ ಹಕ್ಕು ದೊರೆಯಿತು. ಬಾಂಡುಗಳನ್ನು ಕೊಂಡು ಲಾಭ ಬಯಸಿದ್ದವರ ಸರದಿ ಅವರ ನಂತರ. ದೇಶದೊಳಗಿನ ಠೇವಣಿಗಳನ್ನು ಹೊಸ ಬ್ಯಾಂಕುಗಳಿಗೆ ವರ್ಗಾಯಿಸಿ ಪೂರ್ಣವಾಗಿ ಕಾಪಾಡಲಾಯಿತು. ಹೊರದೇಶದ ಐಸ್‌ಸೇವ್ ಠೇವಣಿಗಳು ಬಿದ್ದುಹೋದ ಹಳೆಯ ಬ್ಯಾಂಕಿನಲ್ಲಿಯೇ ಉಳಿದವು. 8ನೆಯ ತಾರೀಖು ಬ್ರಿಟಿಷ್ ಸರ್ಕಾರವು ಭಯೋತ್ಪಾದನೆಯ ವಿರುದ್ಧ ಮಾಡಿದ 2001ರ ಕಾಯಿದೆಯನ್ನು ಬಳಸಿ ಲ್ಯಾಂಡ್ಸ್‌ಬ್ಯಾಂಕಿಯ ಆಸ್ತಿಯನ್ನು ತಡೆಹಿಡಿಯಿತು. ಸೈನ್ಯವೇ ಇಲ್ಲದ ಮೀನುಗಾರರ ದೇಶಕ್ಕೆ ಈ ಮುದ್ರೆ ಬಿದ್ದುದು ಮನಸ್ಸಿಗೆ ತಾಗಿದ ಗಾಯವಾಯಿತು.

ಸಾಮಾನ್ಯ ಸಂಸಾರಿಗಳ ಕಷ್ಟವು ಇನ್ನೊಂದು ಬಗೆಯದು. ಕ್ರೋನಾ ಎಂಬ ಅಲ್ಲಿಯ ನಾಣ್ಯದ ಬೆಲೆ ವಿದೇಶಿ ನಾಣ್ಯಗಳೆದುರು ಸುಮಾರು ಅರ್ಧಕ್ಕೆ ಇಳಿಯಿತು. ಕಾರಿಗೆ, ಮನೆಗೆಂದು ಜಪಾನಿನ ಯೆನ್, ಸ್ವಿಸ್ ಫ್ರಾಂಕುಗಳಿಗೆ ತಗುಲಿಸಿದ ಅಗ್ಗದ ಬಡ್ಡಿಯ ಸಾಲ ಪಡೆದಿದ್ದವರ ಅಸಲು, ಒಂದು ಕಾಸೂ ಹೊಸದಾಗಿ ಪಡೆಯದೆ, ಇಮ್ಮಡಿಯ ಹತ್ತಿರಕ್ಕೆ ಬೆಳೆಯಿತು. ಇಂಥ ಸಾಲಪತ್ರಗಳು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2010ರ ಜೂನಿನಲ್ಲಿ. 2008ರ ಆರಂಭದಲ್ಲಿ ನೂರಕ್ಕೆ ಎರಡರಷ್ಟೂ ಇರದಿದ್ದ ನಿರುದ್ಯೋಗವು 2010ರ ಆರಂಭಕ್ಕೆ ಒಂಬತ್ತನ್ನು ಮುಟ್ಟಿತು. ಸರ್ಕಾರವು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿ 210 ಕೋಟಿ ಡಾಲರ್ ಸಾಲ ಪಡೆಯಿತು. ಜನರು ಅಡಿಗೆಮನೆಯ ಪಾತ್ರೆಗಳನ್ನು ತಂದು ಪಾರ್ಲಿಮೆಂಟಿನ ಮುಂದೆ ಬಡಿದರು. 2009ರ ಜನವರಿಯಲ್ಲಿ ಆ ಸರ್ಕಾರ ಬಿದ್ದುಹೋಯಿತು.

ಇಷ್ಟರಲ್ಲಿ ಬ್ರಿಟನ್ ಮತ್ತು ನೆದರ್‌ಲೆಂಡ್ಸ್ ಸರ್ಕಾರಗಳು ತಮ್ಮ ಠೇವಣಿದಾರರಿಗೆ ಹಣ ಕೊಟ್ಟು, ಖಾತರಿಯ ಪಾಲಾದ ಸುಮಾರು 390 ಕೋಟಿ ಯೂರೋಗಳನ್ನು ಐಸ್‌ಲೆಂಡ್ ಬಡ್ಡಿಸಹಿತ ಕೊಡಬೇಕೆಂದು ಕೇಳಿದವು. ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು 12 ಸಾವಿರ ಯೂರೋ. ಗಂಡ, ಹೆಂಡತಿ, ಎರಡು ಮಕ್ಕಳಿರುವ ಮನೆಗೆ 48 ಸಾವಿರ. ಪಾರ್ಲಿಮೆಂಟು ಒಪ್ಪಿತು. ಆದರೆ 2010ರ ಜನವರಿಯಲ್ಲಿ ಅಧ್ಯಕ್ಷರು ಸಹಿ ಮಾಡಲು ನಿರಾಕರಿಸಿ ವಿಷಯವನ್ನು ಜನರ ಮುಂದಿಟ್ಟರು. ಮಾರ್ಚ್ 6ರಂದು ನಡೆದ ಜನಮತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತಗಳು 'ಇಲ್ಲ' ಎಂದವು. ಷರತ್ತುಗಳನ್ನು ಹಗುರ ಮಾಡಿ 2011ರ ಏಪ್ರಿಲ್ 9ರಂದು ಮತ್ತೆ ಕೇಳಿದಾಗಲೂ ಸುಮಾರು ಅರುವತ್ತು ಪಾಲು 'ಇಲ್ಲ' ಎಂದವು.

ಈ 'ಇಲ್ಲ' ಎಂಬುದು ಸಾಲ ಮುಳುಗಿಸುವವನ ಮೊಂಡುತನವೋ, ನ್ಯಾಯವನ್ನು ಬಯಸುವವನ ದಿಟ್ಟತನವೋ? ಮೇಲುನೋಟಕ್ಕೆ ಉತ್ತರ ಹೇಳುವುದು ಸುಲಭ. ಒಳಹೊಕ್ಕು ನೋಡಿದರೆ ಅಷ್ಟು ಸುಲಭವಲ್ಲ.

ಒಬ್ಬನು ಮತ್ತೊಬ್ಬನ ಸಾಲಕ್ಕೆ ಹೊಣೆಯಾಗಲು ಮೂರು ಕಾರಣಗಳು ಇರಬಹುದು. ಮೊದಲನೆಯದು ಒಪ್ಪಿಗೆ, ಜಾಮೀನುದಾರನ ಹೊಣೆ ಈ ಬಗೆಯದು. ಎರಡನೆಯದು ಭೋಗ, ಸಾಲದ ಹಣದಿಂದ ಉಂಡವನು ಆ ಸಾಲದಲ್ಲಿ ಪಾಲುದಾರನೇ. ಮೂರನೆಯದು ಶಕ್ತಿ, ತಡೆಯಬಲ್ಲವನಾಗಿದ್ದು ತಡೆಯದೆ ಸುಮ್ಮನಿದ್ದವನಿಗೆ ತಪ್ಪಿನಲ್ಲಿ ಪಾಲು ಬರುತ್ತದೆ. ಈ ಮೂರು ಒರೆಗಲ್ಲುಗಳ ಮೇಲೆ ಆ ದ್ವೀಪದ ಜನರನ್ನು ತಿಕ್ಕಿ ನೋಡಬೇಕು.

ಒಪ್ಪಿಗೆಯನ್ನು ಅವರು ಕೊಟ್ಟಿರಲಿಲ್ಲ. ಒಪ್ಪಿಗೆಯ ಹೊಣೆ ಹೇಗಿರುತ್ತದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಹಿರಿಯ ನಿದರ್ಶನವಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ಭಾರತದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದಕ್ಕೆ ಖ್ಯಾತಿಯಿದೆ. ಅದಕ್ಕೆ ಆಧಾರವಾದ 1904ರ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾಗಿರಬೇಕೆಂಬ ನಿಯಮವಿದ್ದಿತು. ಎಂದರೆ ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಹೊಣೆ. ಈ ನಿಯಮವು ಕಠೋರವಾಗಿ ಕಾಣುತ್ತದೆ, ಆದರೂ ಅನ್ಯಾಯವೆನಿಸುವುದಿಲ್ಲ. ಏಕೆಂದರೆ ಸದಸ್ಯನು ತಾನಾಗಿ ಸೇರಿದವನು. ಯಾರಿಗೆ ಸಾಲ ಕೊಡಲಾಗಿದೆ, ಅವನ ಹೊಲದಲ್ಲಿ ಏನು ಬೆಳೆದಿದೆ, ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಎಲ್ಲವೂ ಅವನ ಕಣ್ಣೆದುರಿಗೆ ಇದ್ದಿತು. ಮುಖಪರಿಚಯವಿದ್ದಲ್ಲಿ ಹೊಣೆಯು ಜನರನ್ನು ಒಂದುಗೂಡಿಸುವ ದಾರವಾಗುತ್ತದೆ. ಅದು ಇಲ್ಲದಲ್ಲಿ ಅದೇ ಹೊಣೆಯು ಕೊರಳಿಗೆ ಬೀಳುವ ಉರುಲಾಗುತ್ತದೆ.

ಭೋಗದ ವಿಷಯದಲ್ಲಿ ಆ ಜನರು ಸಂಪೂರ್ಣ ನಿರ್ದೋಷಿಗಳೆನ್ನಲಾಗದು. ಏರಿದ ನಾಣ್ಯದ ಬಲದಿಂದ ಅಗ್ಗವಾದ ವಿದೇಶಿ ಕಾರುಗಳನ್ನು ಕೊಂಡವರು, ಬ್ಯಾಂಕುಗಳ ತೆರಿಗೆಯಿಂದ ತುಂಬಿದ ಬೊಕ್ಕಸದ ಸವಲತ್ತುಗಳನ್ನು ಅನುಭವಿಸಿದವರು ಅಲ್ಲಿ ಬಹಳ ಮಂದಿ ಇದ್ದರು. ಆದರೆ ಉಂಡ ತುತ್ತಿಗೂ ಕೇಳಿದ ಬೆಲೆಗೂ ಪ್ರಮಾಣವಿರಬೇಕು. ಹಬ್ಬದೂಟಕ್ಕೆ ಬಂದು ಒಂದು ಹೋಳಿಗೆ ತಿಂದವನಿಂದ ಇಡೀ ಮದುವೆಯ ಖರ್ಚನ್ನು ವಸೂಲು ಮಾಡುವುದು ನ್ಯಾಯವಲ್ಲ. ಶಕ್ತಿಯ ವಿಷಯದಲ್ಲಿಯಂತೂ, ತಡೆಯಬಲ್ಲವರಾಗಿದ್ದವರು ಮಂತ್ರಿಗಳು, ಕೇಂದ್ರ ಬ್ಯಾಂಕಿನವರು, ತನಿಖಾಧಿಕಾರಿಗಳು. ಅವರನ್ನು ಆರಿಸಿದ ಅಥವಾ ಸಹಿಸಿಕೊಂಡ ಮಟ್ಟಿಗೆ ಮಾತ್ರ ಪ್ರಜೆಯ ಪಾಲು.

ಹೀಗೆ ತೂಗಿದರೆ ಜನರ ಹೊಣೆ ಇಲ್ಲವೇ ಇಲ್ಲವೆಂದಲ್ಲ, ಅದು ಅಲ್ಪವೆಂದು ಸಿದ್ಧವಾಗುತ್ತದೆ. ಆದರೆ ತಕ್ಕಡಿಯ ಮತ್ತೊಂದು ತಟ್ಟೆಯನ್ನೂ ನೋಡಬೇಕು. ಬ್ರಿಟನ್ನಿನ ಯಾವುದೋ ಪಟ್ಟಣದ ನಿವೃತ್ತ ನೌಕರನು ತನ್ನ ಜೀವಮಾನದ ಉಳಿತಾಯವನ್ನು ಆ ಬ್ಯಾಂಕಿನಲ್ಲಿಟ್ಟಿದ್ದರೆ ಅವನು ಮಾಡಿದ ಪಾಪವಾದರೂ ಏನು? ಒಂದೇ ಬ್ಯಾಂಕಿನ ಠೇವಣಿದಾರರಲ್ಲಿ ತಮ್ಮವರಿಗೆ ಪೂರ್ಣ ಹಣ, ಪರರಿಗೆ ಕಾಯುವ ಕಷ್ಟ ಎಂಬ ಭೇದವು ಆ ಶಾಸನದಲ್ಲಿ ಇದ್ದಿತು. ಮೇಲಾಗಿ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಣಯಿಸಿದವರು ಕೊಡಬೇಕಾದವರೇ. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಿ ಕುಳಿತವನ ತೀರ್ಪು ಸರಿಯಾಗಿದ್ದರೂ ಅದಕ್ಕೆ ಪೂರ್ಣ ಶೋಭೆ ಬರುವುದಿಲ್ಲ. 2013ರ ಜನವರಿ 28ರಂದು ಐರೋಪ್ಯ ಮುಕ್ತ ವ್ಯಾಪಾರ ಸಂಘದ ನ್ಯಾಯಾಲಯವು, ಇಡೀ ಬ್ಯಾಂಕು ವ್ಯವಸ್ಥೆಯೇ ಕುಸಿದು ಖಾತರಿ ನಿಧಿಯು ಬತ್ತಿದಾಗ ಅದನ್ನು ಸರ್ಕಾರವೇ ಕೈಯಿಂದ ತುಂಬಬೇಕಾದ ಹೊಣೆಯಿಲ್ಲವೆಂದು ತೀರ್ಪಿತ್ತಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಕಾನೂನು ಬಿಟ್ಟುಕೊಟ್ಟುದನ್ನೆಲ್ಲ ಧರ್ಮವೂ ಬಿಟ್ಟುಕೊಡುತ್ತದೆಂದು ತಿಳಿಯಬಾರದು.

ಹಾಗಾದರೆ ಆ ಹಣ ಎಲ್ಲಿಂದ ಬರಬೇಕಾಗಿತ್ತು? ಉತ್ತರವನ್ನು ಕಾಲವೇ ಕೊಟ್ಟಿತು. ಬಿದ್ದ ಬ್ಯಾಂಕಿನ ಆಸ್ತಿಯನ್ನು ಅವಸರದಿಂದ ಹರಾಜಿಗೆ ಹಾಕದೆ, ವರ್ಷಗಟ್ಟಲೆ ತಾಳ್ಮೆಯಿಂದ ಮಾರಿ, ಬಂದ ಹಣವನ್ನು ಮೊದಲ ಹಕ್ಕಿನವರಾದ ಠೇವಣಿದಾರರ ಲೆಕ್ಕಕ್ಕೆ ಕಟ್ಟುತ್ತ ಬರಲಾಯಿತು. 2016ರ ಜನವರಿಯಲ್ಲಿ ಆ ಬಾಬಿನ ಕೊನೆಯ ಕಂತೂ ಸಂದಿತು. ನಷ್ಟವನ್ನು ಬಹುಮಟ್ಟಿಗೆ ಹೊತ್ತವರು ಅಪಾಯವನ್ನು ಅರಿತೇ ಲಾಭಕ್ಕಾಗಿ ಬ್ಯಾಂಕಿಗೆ ಸಾಲ ಕೊಟ್ಟಿದ್ದ ಬಾಂಡುದಾರರು. ಎಂದರೆ ಸಾಲವು ತಾನು ಸೇರಿದ ಸೊತ್ತಿನಿಂದಲೇ ತೀರಿತು. ಬೆಸ್ತನ ಮಗುವಿನ ಹಾಲಿನಿಂದಲ್ಲ.

ಇದೇ ಸಮಯದಲ್ಲಿ ಐರ್ಲೆಂಡ್ ದೇಶವು ಬೇರೆ ದಾರಿ ಹಿಡಿಯಿತು. 2008ರ ಸೆಪ್ಟೆಂಬರ್ ತಿಂಗಳ ಕೊನೆಯ ಒಂದು ರಾತ್ರಿ ಅಲ್ಲಿಯ ಸರ್ಕಾರವು ತನ್ನ ಬ್ಯಾಂಕುಗಳ ಸುಮಾರು 44 ಸಾವಿರ ಕೋಟಿ ಯೂರೋಗಳ ಹೊಣೆಗೆ ಜಾಮೀನು ನಿಂತಿತು. ಠೇವಣಿಗಳಿಗೆ ಮಾತ್ರವಲ್ಲ, ಬಹುತೇಕ ಬಾಂಡುಗಳಿಗೂ ನಿಂತಿತು. ಆ ಭಾರ ತಾಳಲಾರದೆ 2010ರ ನವೆಂಬರಿನಲ್ಲಿ 8,500 ಕೋಟಿ ಯೂರೋಗಳ ನೆರವಿನ ಒಪ್ಪಂದಕ್ಕೆ ತಲೆಬಾಗಬೇಕಾಯಿತು. ತೆರಿಗೆ ಏರಿತು, ಸಂಬಳ ಇಳಿಯಿತು, ತರುಣರು ಕೆಲಸ ಹುಡುಕಿಕೊಂಡು ಹಡಗು, ವಿಮಾನ ಹತ್ತಿದರು. ಒಂದು ರಾತ್ರಿಯಲ್ಲಿ ಕೆಲವರು ಹಾಕಿದ ಸಹಿಗೆ ಒಂದು ತಲೆಮಾರು ಕಂದಾಯ ಕಟ್ಟಿತು.

ಐಸ್‌ಲೆಂಡಿನವರು ಮಾಡಿದ ಮತ್ತೊಂದು ಕಾರ್ಯವೂ ಸ್ಮರಣೀಯವಾಗಿದೆ. ಪಾರ್ಲಿಮೆಂಟು ನೇಮಿಸಿದ ವಿಚಾರಣಾ ಆಯೋಗವು 2010ರ ಏಪ್ರಿಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ವರದಿಯನ್ನು ಒಪ್ಪಿಸಿತು. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾರು ನೋಡಿಯೂ ನೋಡದಂತಿದ್ದರು ಎಂಬುದೆಲ್ಲ ಅದರಲ್ಲಿ ಬಯಲಾಯಿತು. ರಾಜಧಾನಿ ರೇಕ್ಯಾವಿಕ್‌ನ ರಂಗಮಂದಿರದಲ್ಲಿ ನಟನಟಿಯರು ಸರದಿಯ ಮೇಲೆ ನಿಂತು ಆ ವರದಿಯನ್ನು ಮೊದಲಿನಿಂದ ಕೊನೆಯವರೆಗೆ, ಹಗಲಿರುಳೂ ನಿಲ್ಲಿಸದೆ, ಜನರೆದುರು ಓದಿದರು. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣವನ್ನು ಓದಿಸುವ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕವು ಬಹಿರಂಗವಾಗಿ ಓದಲ್ಪಟ್ಟಾಗ ಅದು ಎಲ್ಲರ ನೆನಪಾಗುತ್ತದೆ. ಅನಂತರ ಬ್ಯಾಂಕುಗಳ ಕೆಲವು ಮುಖ್ಯಸ್ಥರು ನ್ಯಾಯಾಲಯದ ವಿಚಾರಣೆಗೆ ಗುರಿಯಾಗಿ ಸೆರೆಮನೆಯನ್ನು ಸೇರಿದರು. ಮಾಡಿದವನಿಗೆ ಹೊಣೆ ತಗುಲಿದಷ್ಟೂ ಮಾಡದವನ ಹೊರೆ ಇಳಿಯುತ್ತದೆ.

ಶರಣರ ಜೀವನವನ್ನು ಬಲ್ಲ ಗೃಹಸ್ಥನಿಗೆ ಈ ವೃತ್ತಾಂತದಲ್ಲಿ ಹೊಸದೇನೂ ಕಾಣದು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಪರರ ಹಣವನ್ನು ಕಾಯುವುದೇ ಅವರ ಕಾಯಕವಾಗಿದ್ದಿತು. ಅವರು ಭಂಡಾರವನ್ನು ಸೂರೆ ಮಾಡುತ್ತಿದ್ದಾರೆಂದು ಚಾಡಿಗಾರರು ಹೇಳಿದಾಗ, ಲೆಕ್ಕ ತೆಗೆದು ಎಣಿಸಲಾಗಿ ಒಂದು ಹಣವೂ ಕಡಿಮೆಯಿರಲಿಲ್ಲವೆಂದು ಕಥೆಗಳು ಸಾರುತ್ತವೆ. ಭಂಡಾರಿಯು ಭಂಡಾರದ ಒಡೆಯನಲ್ಲ. ಯಾವ ಗಳಿಗೆಯಲ್ಲಿ ಕೇಳಿದರೂ ತೆರೆದು ತೋರಿಸಬಲ್ಲವನು. ಈ ಒಂದು ಭಾವವು ಅಳಿದುದರಿಂದಲೇ ಆ ಮೂರು ಬ್ಯಾಂಕುಗಳು ಅಳಿದವು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಇದ್ದಲ್ಲಿಗೇ ಮರಳಿಸಿ ಬರಲು ಹೇಳಿದ ಪ್ರಸಂಗವು ಪ್ರಸಿದ್ಧವಾಗಿದೆ. ಆ ತಾಯಿ ನೋಡಿದುದು ಅಕ್ಕಿಯ ಅಳತೆಯನ್ನು ಮಾತ್ರವಲ್ಲ, ಅದು ಬಂದ ದಾರಿಯನ್ನು. ದುಡಿಮೆಯನ್ನು ಮೀರಿ ಬಂದ ಗಳಿಕೆಯಲ್ಲಿ ಮತ್ತೊಬ್ಬನ ಪಾಲು ಸೇರಿರುತ್ತದೆಂಬ ಎಚ್ಚರ ಅವಳದು.

ಈ ಎಚ್ಚರವು ದೂರದ ದ್ವೀಪಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಎಲ್ಲರಿಗಿಂತ ಹೆಚ್ಚು ಬಡ್ಡಿ ಕೊಡುತ್ತೇವೆಂದು ಯಾರಾದರೂ ಬಂದಾಗ, ಆ ಬಡ್ಡಿಯನ್ನು ಯಾರ ಬೆವರು ತೀರಿಸುತ್ತದೆಂದು ಕೇಳದೆ ಹಣ ಹಾಕುವವನು, ಐಸ್‌ಸೇವ್‌ನಲ್ಲಿ ಹಣವಿಟ್ಟವನಿಗಿಂತ ಭಿನ್ನನಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಹೊರಗೆ ಹೋಗಿ ಚಹಾ ಕುಡಿದು, ಊಟದ ಹೊತ್ತಿಗೆ ಒಳಗೆ ಬಂದು ಕೈಯೆತ್ತಿ ಒಪ್ಪಿಗೆ ಕೊಡುವ ಸದಸ್ಯನು, ತಡೆಯುವ ಶಕ್ತಿಯಿದ್ದೂ ತಡೆಯದವನ ಸಾಲಿಗೆ ಸೇರುತ್ತಾನೆ. ನಾಳೆ ಆ ಸಂಘವು ಮುಳುಗಿದಾಗ ತನಗೇನೂ ಗೊತ್ತಿರಲಿಲ್ಲವೆಂಬ ಮಾತು ಅವನಿಗೆ ಪೂರ್ಣ ಆಶ್ರಯವಾಗಲಾರದು.

ಮಾಡದ ಸಾಲವನ್ನು ತೀರಿಸಲಾರೆನೆಂದು ಹೇಳುವ ಹಕ್ಕು ಮನುಷ್ಯನಿಗಿದೆ. ಆದರೆ ಆ ಹಕ್ಕು ಪವಿತ್ರವಾಗುವುದು, ಸಾಲವಾಗುತ್ತಿದ್ದಾಗ ಅವನು ಕಣ್ಣು ಮುಚ್ಚಿಕೊಂಡಿರದಿದ್ದರೆ. ಅದರ ಸುಖದಲ್ಲಿ ತಾನುಂಡಷ್ಟನ್ನು ಹಿಂದಿರುಗಿಸಲು ಸಿದ್ಧನಿದ್ದರೆ. ತನ್ನಂತೆಯೇ ಮೋಸಹೋದ ಪರದೇಶಿಯ ಕಣ್ಣೀರನ್ನೂ ತನ್ನವರ ಕಣ್ಣೀರಿನಂತೆ ಕಂಡರೆ. ಲೋಕದ ಪೇಟೆಯು ಎಷ್ಟೇ ವಿಸ್ತಾರವಾಗಲಿ, ಪ್ರತಿ ಸಾಲದ ಒಂದು ತುದಿಯಲ್ಲಿ ಕೊಟ್ಟವನೊಬ್ಬನು, ಮತ್ತೊಂದು ತುದಿಯಲ್ಲಿ ದುಡಿಯುವವನೊಬ್ಬನು ಇದ್ದೇ ಇರುತ್ತಾನೆ. ಆ ಇಬ್ಬರೂ ಪರಸ್ಪರರ ಮುಖವನ್ನು ಕಾಣುವಂತೆ ವ್ಯವಹಾರವನ್ನು ಇರಿಸಿಕೊಳ್ಳುವುದು ರಾಜ್ಯಗಳಿಗೆ ನೀತಿ, ಗೃಹಸ್ಥನಿಗೆ ಧರ್ಮ.